ಮೂರು ಸಲ ತಿರುಗಿಸಿದ ತಟ್ಟೆ

ಆ ಸಂಶೋಧನಾ ಕೇಂದ್ರದ ಮೂರನೇ ಮಹಡಿಯಲ್ಲಿ ಎಲ್ಲರೂ ಅವಳನ್ನು ತಟ್ಟೆಯಕ್ಕ ಎನ್ನುತ್ತಿದ್ದರು. ತಟ್ಟೆ ಎಂದರೆ ಊಟದ ತಟ್ಟೆಯಲ್ಲ. ಅಂಗೈಯಷ್ಟು ಅಗಲದ ಪ್ಲಾಸ್ಟಿಕ್ ತಟ್ಟೆ. ಎಂಟು ಸಾಲು, ಸಾಲಿಗೆ ಹನ್ನೆರಡರಂತೆ ತೊಂಬತ್ತಾರು ಕುಳಿಗಳು, ಒಂದೊಂದು ಕುಳಿಗೆ ಹಿಡಿಸುವುದು ನಾಲ್ಕು ಹನಿ. ಆ ನಾಲ್ಕು ಹನಿಗಳಲ್ಲಿ ಯಾರದೋ ಗಡ್ಡೆಯಿಂದ ತೆಗೆದ ಜೀವಕೋಶಗಳನ್ನು ಸಾಕುವುದು, ಹೊತ್ತು ಹೊತ್ತಿಗೆ ಅವುಗಳ ಗುಲಾಬಿ ಬಣ್ಣದ ಆಹಾರ ಬದಲಿಸುವುದು, ಹೆಚ್ಚಾದವನ್ನು ಬೇರೆ ಮಾಡುವುದು, ಸಂಶೋಧಕರು ಹೇಳಿದ ಔಷಧವನ್ನು ಹೇಳಿದಷ್ಟೇ ಹಾಕುವುದು. ಇಪ್ಪತ್ತೊಂಬತ್ತು ವರ್ಷ ಅವಳು ಮಾಡಿದ್ದು ಇದನ್ನೇ.

ಜೀವಕೋಶಗಳಿಗೆ ರಜೆ ಎಂಬುದು ಗೊತ್ತಿಲ್ಲ. ಹಾಗಾಗಿ ಅವಳಿಗೂ ಅದು ಅಷ್ಟಾಗಿ ಗೊತ್ತಿರಲಿಲ್ಲ. ಭಾನುವಾರ ಬೆಳಿಗ್ಗೆ ಕಟ್ಟಡದ ಬೀಗ ತೆಗೆಸಿ, ಕೈಗವಸು ಹಾಕಿ, ಗಾಜಿನ ಪೆಟ್ಟಿಗೆಯೊಳಗೆ ಎರಡೂ ಕೈ ತೂರಿಸಿ ಕೂತುಬಿಟ್ಟರೆ ಲೋಕದ ಪರಿವೆಯೇ ಇಲ್ಲ. ಎಷ್ಟೋ ಸಂಶೋಧಕರು ಬಂದರು, ಡಾಕ್ಟರೇಟು ಹೊತ್ತುಕೊಂಡು ಹೋದರು. ಅವರ ಡಾಕ್ಟರೇಟಿನ ಮುಕ್ಕಾಲು ಪಾಲು ಈಕೆಯ ಕೈಯ ಹನಿ ಬಿಡುವ ಪಿಪೆಟ್ಟಿನ ತುದಿಯಿಂದ ಇಳಿದದ್ದು ಎಂದರೆ ಅತಿಶಯೋಕ್ತಿಯಲ್ಲ. ಅವಳು ತುಂಬಿದ ತಟ್ಟೆಯನ್ನು ಯಾರೂ ಮರುಪರೀಕ್ಷೆ ಮಾಡುತ್ತಿರಲಿಲ್ಲ. "ಅಕ್ಕ ತುಂಬಿದ್ದು" ಎಂದರೆ ಮಾತು ಮುಗಿಯಿತು.

ಅವಳದು ಎಡಗೈ. ಎಡಗೈಯವರಿಗೆ ಬಲತುದಿಯಿಂದ ಶುರು ಮಾಡುವುದೇ ಸಲೀಸು. ತಟ್ಟೆಯ ಮೇಲಾದರೋ ಒಂದು, ಎರಡು, ಮೂರು ಎಂಬ ಅಂಕಿಗಳು ಎಡದಿಂದ ಬಲಕ್ಕೆ ಅಚ್ಚಾಗಿಯೇ ಬರುತ್ತವೆ. ಕೆಲಸಕ್ಕೆ ಸೇರಿದ ಎರಡನೇ ವರ್ಷ ಅವಳು ಒಂದು ತಟ್ಟೆಯನ್ನು ಹಿಂದುಮುಂದಾಗಿ ತುಂಬಿ, ಆಗಿನ ಮುಖ್ಯಸ್ಥರಿಂದ ಎಲ್ಲರೆದುರು ಮಂಗಳಾರತಿ ಎತ್ತಿಸಿಕೊಂಡಿದ್ದಳು. ಅಂದಿನಿಂದ ತಟ್ಟೆಯ ಎಡಮೂಲೆಗೆ ಕೆಂಪು ಶಾಯಿಯ ಚುಕ್ಕೆ ಇಡದೆ ಒಂದು ಹನಿ ಬಿಟ್ಟವಳಲ್ಲ. ಇಪ್ಪತ್ತೇಳು ವರ್ಷ ಮತ್ತೆ ಆ ತಪ್ಪು ಆಗಲಿಲ್ಲ. ಆದರೆ ಇವತ್ತು ಆದೀತು, ನಾಳೆ ಆದೀತು ಎಂಬ ಅಂಜಿಕೆ ಮಾತ್ರ ಅವಳ ಜೊತೆಗೇ ದಿನಾ ಕೆಲಸಕ್ಕೆ ಬರುತ್ತಿತ್ತು.

ಅವಳ ಕೊನೆಯ ವರ್ಷಗಳಲ್ಲಿ ಅವಳ ಪಾಲಿಗೆ ಬಂದವಳು ಒಬ್ಬ ಸಂಶೋಧಕ ಹುಡುಗಿ. ಹುಡುಗಿ ಎಂದರೂ ಮೂವತ್ತರ ಹತ್ತಿರ. ಉದ್ದನೆಯ ಜಡೆಯನ್ನು ಪೆನ್ಸಿಲಿನಿಂದ ಸುತ್ತಿ ಮೇಲಕ್ಕೆ ಸಿಕ್ಕಿಸಿಕೊಂಡು, ಆ ಪೆನ್ಸಿಲನ್ನೇ ಇಡೀ ಕೋಣೆಯಲ್ಲಿ ಹುಡುಕುವ ಸ್ವಭಾವ. ಅವಳ ವಿಷಯ ಜೀವಕೋಶಗಳ ಸಾವು. ಮೊದಲ ವಾರವೇ, ಪಾತ್ರೆ ತೊಳೆಯುವ ಸಿಂಕಿನ ಪಕ್ಕ ನಿಂತು, ತಟ್ಟೆಯಕ್ಕನಿಗೆ ಅದನ್ನು ಬಿಡಿಸಿ ಹೇಳಿದಳು.

"ಅಕ್ಕಾ, ಕೋಶ ಸಾಯೋದು ಎರಡು ಥರ. ಪೆಟ್ಟು ಬಿದ್ದು ಒಡೆದುಹೋಗೋದು ಒಂದು. ಇನ್ನೊಂದು, 'ನಿನ್ನ ಕೆಲಸ ಮುಗೀತು' ಅಂತ ಒಳಗಿಂದಲೇ ಸುದ್ದಿ ಬಂದು, ತನ್ನ ಸಾಮಾನೆಲ್ಲ ಗಂಟು ಕಟ್ಟಿ ಅಚ್ಚುಕಟ್ಟಾಗಿ ಸಾಯೋದು. ಅದಕ್ಕೆ ಅಪಾಪ್ಟೋಸಿಸ್ ಅಂತೀವಿ. ಗಡ್ಡೆಯ ಕೋಶಕ್ಕೆ ಆ ಸುದ್ದಿ ಮುಟ್ಟೋದೇ ಇಲ್ಲ. ಅದಕ್ಕೇ ಅದು ಸಾಯಲ್ಲ."

"ಸುದ್ದಿ ತರೋರು ಯಾರಮ್ಮ?"

"ಪ್ರೋಟೀನುಗಳು. ಒಂದು ಇನ್ನೊಂದಕ್ಕೆ ಹೇಳುತ್ತೆ, ಅದು ಮತ್ತೊಂದಕ್ಕೆ. ಆದ್ರೆ ಮೂರೂ ಅಕ್ಕಪಕ್ಕ ಇದ್ರೆ ತಾನೇ ಮಾತು? ಕೂರೋಕೆ ಒಂದು ಬೆಂಚು ಬೇಕು. ಆ ಬೆಂಚಿನಂಥ ಪ್ರೋಟೀನಿಗೆ ಸ್ಕ್ಯಾಫೋಲ್ಡ್ ಅಂತ ಹೆಸರು. ಈ ಕೋಶಗಳಲ್ಲಿ ಆ ಬೆಂಚು ಮಡಚಿಕೊಂಡು ಮೂಲೆಯಲ್ಲಿ ಬಿದ್ದಿದೆ. ನನ್ನ ಒಂಬತ್ತನೇ ನಂಬರಿನ ಔಷಧ ಅದನ್ನ ಬಿಚ್ಚಿ ನಿಲ್ಲಿಸುತ್ತೆ. ಅಷ್ಟೇ ಅದರ ಕೆಲಸ."

"ಅಷ್ಟಕ್ಕೆ ಡಾಕ್ಟರೇಟು ಅಂತ ಐದು ವರ್ಷ ಬೇಕಾ?" ಎಂದಳು ತಟ್ಟೆಯಕ್ಕ. ಹುಡುಗಿ ನಕ್ಕು ಪೆನ್ಸಿಲು ಹುಡುಕತೊಡಗಿದಳು.

ಔಷಧ ಹೆಚ್ಚಿದಷ್ಟೂ ಬಿಚ್ಚಿದ ಬೆಂಚುಗಳು ಹೆಚ್ಚು, ಬೆಂಚು ಹೆಚ್ಚಿದಷ್ಟೂ ಸಾವು ಹೆಚ್ಚು ಎಂಬುದು ಹುಡುಗಿಯ ಲೆಕ್ಕಾಚಾರ. ಆ ವಿಭಾಗದ ಮುಖ್ಯಸ್ಥೆ, ಎಲ್ಲರೂ ದೊಡ್ಡ ಮೇಡಂ ಎನ್ನುವಾಕೆ, "ಬೆಂಚು ಅತಿಯಾದರೆ ಕೆಲಸ ಕೆಡಲೂಬಹುದು, ನೋಡು" ಎಂದು ಒಂದು ಸಭೆಯಲ್ಲಿ ಎಚ್ಚರಿಸಿದ್ದುಂಟು. ತಟ್ಟೆಯಕ್ಕ ಆ ಸಭೆಗಳಿಗೆ ಹೋಗುವವಳಲ್ಲ. ಅವಳಿಗೆ ಬಂದದ್ದು ಒಂಬತ್ತನೇ ನಂಬರಿನ ಔಷಧದ ಹತ್ತು ಸಣ್ಣ ಕೊಳವೆಗಳು ಮತ್ತು ಒಂದು ಚೀಟಿ. ಒಂದನೇ ಕೊಳವೆಯಲ್ಲಿ ಔಷಧ ಎಲ್ಲಕ್ಕಿಂತ ಕಡಿಮೆ, ಹತ್ತನೆಯದರಲ್ಲಿ ಎಲ್ಲಕ್ಕಿಂತ ಹೆಚ್ಚು. ಔಷಧದ ಶಕ್ತಿ ಕಡಿಮೆ ಇರಬಹುದೆಂದು ಹುಡುಗಿ ಒಂದನೇ ಕೊಳವೆಯನ್ನೇ ಸ್ವಲ್ಪ ಜೋರಾಗಿ ಇಟ್ಟಿದ್ದಳು.

ತಟ್ಟೆಯಕ್ಕ ಕೆಂಪು ಚುಕ್ಕೆ ಇಟ್ಟಳು. ಬೇಗ ಬತ್ತುವ ಅಂಚಿನ ಕುಳಿಗಳಿಗೆ ಬರೀ ನೀರು ಬಿಟ್ಟಳು. ಎಡದಿಂದ ಬಲಕ್ಕೆ ಒಂದರಿಂದ ಹತ್ತರವರೆಗೆ ಔಷಧ ಹಾಕಿ, ತಟ್ಟೆಯನ್ನು ಬಿಸಿಪೆಟ್ಟಿಗೆಯಲ್ಲಿಟ್ಟಳು. ಎರಡು ದಿನ ಬಿಟ್ಟು, ಬದುಕಿದ ಕೋಶಗಳೆಷ್ಟೆಂದು ಓದಿ ಹೇಳುವ ಯಂತ್ರಕ್ಕೆ ಕೊಡುವ ಮೊದಲು, ಎಂದಿನ ರೂಢಿಯಂತೆ ಸೂಕ್ಷ್ಮದರ್ಶಕದಡಿ ಒಮ್ಮೆ ಕಣ್ಣಾಡಿಸಿದಳು. ಔಷಧ ಕಡಿಮೆ ಇರಬೇಕಾದ ಎಡಗಡೆ ಕೋಶಗಳೆಲ್ಲ ಮುದುಡಿ, ಮೈತುಂಬ ಗುಳ್ಳೆಯೆದ್ದು ಸತ್ತಿದ್ದವು. ಔಷಧ ಹೆಚ್ಚಿರಬೇಕಾದ ಬಲಗಡೆ ಕಾಲು ಚಾಚಿಕೊಂಡು ಆರಾಮಾಗಿ ಹರಡಿದ್ದವು.

ಹಿಂದುಮುಂದಾಗಿ ತುಂಬಿಬಿಟ್ಟೆ ಎಂದುಕೊಂಡಳು. ಬೇರೆ ಯಾವ ಯೋಚನೆಯೂ ಅವಳ ಹತ್ತಿರ ಸುಳಿಯಲಿಲ್ಲ. ಕೈಯಲ್ಲಿ ಪಿಪೆಟ್ಟು ಹಿಡಿದ ಎರಡನೇ ವರ್ಷದಿಂದ ಕಾದಿದ್ದ ತಪ್ಪು ಕೊನೆಗೂ ಬಂದು ಎದುರು ನಿಂತಿತ್ತು. ಯಾರಿಗಾದರೂ ಹೇಳಿದರೆ "ಅಕ್ಕನ ಕಾಲ ಮುಗೀತು" ಎನ್ನುತ್ತಾರೆ. ತುಂಬಿದ್ದು ತಿರುಗಾಮುರುಗಾ ಆಗಿದ್ದರೆ ತಟ್ಟೆಯನ್ನೇ ತಿರುಗಿಸಿಟ್ಟರೆ ಸರಿಹೋಯಿತಲ್ಲ? ಅಡ್ಡಸಾಲುಗಳೆಲ್ಲ ಒಂದೇ ಆದದ್ದರಿಂದ ಬೇರೇನೂ ವ್ಯತ್ಯಾಸವಾಗುವುದಿಲ್ಲ. ಓದುವ ಯಂತ್ರದ ಬಾಗಿಲು ತೆರೆದಾಗ ಅವಳು ತಟ್ಟೆಯನ್ನು ಅರ್ಧ ಸುತ್ತು ತಿರುಗಿಸಿ ಒಳಗಿಟ್ಟಳು. ಕೆಂಪು ಚುಕ್ಕೆಯನ್ನು ಹತ್ತಿಯಿಂದ ಒರೆಸಿ ಇನ್ನೊಂದು ಮೂಲೆಗೆ ಇಟ್ಟಳು. ಪರದೆಯ ಮೇಲೆ ಗೆರೆ ಸರಾಗವಾಗಿ ಇಳಿಯಿತು: ಔಷಧ ಹೆಚ್ಚಿದಂತೆ ಬದುಕಿದವು ಕಡಿಮೆ. ಹುಡುಗಿ ಕುಣಿದಳು.

ಇಂಥ ಪ್ರಯೋಗವನ್ನು ಮೂರು ಸಲ ಮಾಡಬೇಕು, ಅದು ನಿಯಮ. ಎರಡನೇ ಸಲ ಅವಳು ಮೈಯೆಲ್ಲ ಕಣ್ಣಾಗಿ ತುಂಬಿದಳು. ಮತ್ತೆ ಅದೇ ಆಯಿತು. ಮೂರನೇ ಸಲ ಕಾಗದ ಇಟ್ಟುಕೊಂಡು, ಒಂದೊಂದು ಸಾಲು ಮುಗಿದಾಗಲೂ ಗುರುತು ಹಾಕಿದಳು. ಗುರುತುಗಳೆಲ್ಲ ಸರಿಯಾಗಿದ್ದವು, ತಟ್ಟೆ ಮಾತ್ರ ಹಿಂದುಮುಂದಾಗಿಯೇ ಕಂಡಿತು. ಆಗಲಾದರೂ ಆ ಕಾಗದವನ್ನು ನಂಬಬೇಕಿತ್ತು. ನಂಬಲಿಲ್ಲ. ಗುರುತನ್ನು ಅಭ್ಯಾಸಬಲದಿಂದ ಹಾಕಿಕೊಂಡು ಹೋಗಿದ್ದೇನೆ, ಕೈ ಮಾತ್ರ ತನ್ನ ಹಳೇ ಚಾಳಿಗೆ ಬಿದ್ದಿದೆ ಎಂದು ತೀರ್ಮಾನಿಸಿ ಕಾಗದವನ್ನು ಹರಿದು ಬುಟ್ಟಿಗೆ ಹಾಕಿದಳು. ಮೂರೂ ಸಲ ತಟ್ಟೆ ತಿರುಗಿತು, ಮೂರೂ ಗೆರೆಗಳು ಒಂದರ ಮೇಲೊಂದು ಕೂತವು. ದೊಡ್ಡ ಮೇಡಂ ತಮ್ಮ ಅನುಮಾನವನ್ನು ಕೈಬಿಟ್ಟರು. ಹುಡುಗಿ ಎರಡು ವರ್ಷ ಆ ಗೆರೆಯ ಮೇಲೆಯೇ, ಬೆಂಚು ಹೇಗೆ ಬಿಚ್ಚುತ್ತದೆಂದು ನೋಡುವ ಮುಂದಿನ ಪ್ರಯೋಗಗಳನ್ನು ಕಟ್ಟಿದಳು; ಸಾವನ್ನು ಮತ್ತೆ ಅಳೆಯುವ ಅಗತ್ಯ ಅವಳಿಗೆ ಕಾಣಲಿಲ್ಲ. ಹೆಚ್ಚಿನ ಪ್ರಮಾಣದ ಔಷಧವನ್ನೇ ಇಲಿಗಳಿಗೆ ಕೊಟ್ಟು ನೋಡಲು ಇನ್ನೊಂದು ಕೇಂದ್ರ ಒಪ್ಪಿತು.

ಇಷ್ಟಾಗುವಾಗ ತಟ್ಟೆಯಕ್ಕನ ನಿವೃತ್ತಿಗೆ ಐದು ತಿಂಗಳು ಉಳಿದಿತ್ತು. ಅವಳ ಜಾಗಕ್ಕೆ ಮನುಷ್ಯರ ಬದಲು ಯಂತ್ರವನ್ನೇ ತರಿಸುವ ಮಾತು ನಡೆದಿತ್ತು. ಆರು ವಾರದ ಪರೀಕ್ಷೆಗೆಂದು ಬಂದ ಯಂತ್ರ ತಾನೇ ಹನಿ ಬಿಡುತ್ತಿತ್ತು, ತಾನೇ ತಟ್ಟೆಯನ್ನು ಬಿಸಿಪೆಟ್ಟಿಗೆಗೆ ತಳ್ಳುತ್ತಿತ್ತು, ತಾನೇ ಓದುತ್ತಿತ್ತು. ಮಹಡಿಯವರು ಅದಕ್ಕೆ 'ಅಳಿಯ' ಎಂದು ಹೆಸರಿಟ್ಟರು. ಬಂದ ದಿನದಿಂದ ತಂಪು ಗಾಳಿ ಬೇಕು, ಸುತ್ತ ಗಲಾಟೆ ಕೂಡದು, ಹತ್ತಿರ ಯಾವಾಗಲೂ ಇಬ್ಬರು ನಿಂತಿರಬೇಕು. ಅದನ್ನು ತಂದ ಟೈ ಕಟ್ಟಿದವನಂತೂ ಬೀಗರ ಮನೆಗೆ ಬಂದವನ ಹಾಗೆ ಎಲ್ಲರಿಗೂ ನಗುನಗುತ್ತ ತಲೆಬಾಗುತ್ತಿದ್ದ.

ತಟ್ಟೆಯಕ್ಕನಿಗೆ ಮಾತ್ರ ನಗು ಬರುತ್ತಿರಲಿಲ್ಲ. ಕೆಲಸ ಬಿಟ್ಟು ಮನೆಯಲ್ಲಿ ಕೂರುವುದನ್ನು ನೆನೆದರೇ ಅವಳಿಗೆ ಭಯವಾಗುತ್ತಿತ್ತು. ಇನ್ನೆರಡು ವರ್ಷ ಇರಿಸಿಕೊಳ್ಳಿ ಎಂದು ದೊಡ್ಡ ಮೇಡಂ ಬಳಿ ಬಾಯಿಬಿಟ್ಟು ಕೇಳಿದ್ದಳು. "ಅಳಿಯ ಹೇಗೆ ಮಾಡ್ತಾನೆ ನೋಡೋಣ ಅಕ್ಕ" ಎಂದಿದ್ದರು ಮೇಡಂ.

ಅಳಿಯನ ಪರೀಕ್ಷೆಗೆ ಎಲ್ಲರಿಗೂ ಫಲಿತಾಂಶ ಗೊತ್ತಿರುವ ಔಷಧವೇ ಆಗಲಿ ಎಂದು ಒಂಬತ್ತನೇ ನಂಬರನ್ನೇ ಕೊಟ್ಟರು. ನಾಲ್ಕು ತಟ್ಟೆ ತುಂಬಿತು. ನಾಲ್ಕರಲ್ಲೂ ಗೆರೆ ಇಳಿಯುವ ಬದಲು ಏರಿತು.

ಕೋಣೆಯಲ್ಲಿ ನಗೆಯ ಅಲೆ ಎದ್ದಿತು. "ಏನ್ರೀ, ನಿಮ್ಮ ಯಂತ್ರ ಹಿಂದುಮುಂದು ತುಂಬಿದೆಯಲ್ಲ!" ಎಂದಳು ಹುಡುಗಿ. ಟೈಯವನು ಬೆವರಿದ. "ಇಲ್ಲ ಮೇಡಂ, ಸೆಟ್ಟಿಂಗ್ ಸರಿಯಾಗಿಯೇ ಇದೆ, ಬೇಕಾದ್ರೆ ನೋಡಿ" ಎಂದು ಲ್ಯಾಪ್‌ಟಾಪನ್ನು ಒಬ್ಬೊಬ್ಬರ ಮುಖದ ಮುಂದೆ ಹಿಡಿದ. ಯಾರೂ ನೋಡಲಿಲ್ಲ. ದೊಡ್ಡ ಮೇಡಂ ತಟ್ಟೆಯಕ್ಕನ ಹೆಗಲ ಮೇಲೆ ಕೈಯಿಟ್ಟು, "ಇದನ್ನ ವಾಪಸ್ ಕಳಿಸೋಣ. ಅಕ್ಕನಿಗೆ ಇನ್ನೆರಡು ವರ್ಷ ಕೊಡಿ ಅಂತ ನಾಳೆಯೇ ಬರೀತೀನಿ" ಎಂದರು. ಚಪ್ಪಾಳೆ ಬಿತ್ತು.

ತಟ್ಟೆಯಕ್ಕ ಎದ್ದುಹೋಗಿ ಅಳಿಯ ತುಂಬಿದ ಒಂದು ತಟ್ಟೆಯನ್ನು ಸೂಕ್ಷ್ಮದರ್ಶಕದಡಿ ಇಟ್ಟಳು. ಎಡಗಡೆ ಗುಳ್ಳೆಯೆದ್ದು ಸತ್ತವು, ಬಲಗಡೆ ಕಾಲು ಚಾಚಿ ಕೂತವು. ಎರಡು ವರ್ಷದ ಹಿಂದೆ ಮೂರು ಸಲ ಕಂಡ ನೋಟವೇ. ಯಂತ್ರಕ್ಕೆ ಎಡಗೈ ಇಲ್ಲ, ಹಳೇ ಚಾಳಿ ಇಲ್ಲ, ಅಂಜಿಕೆಯೂ ಇಲ್ಲ. ಹಾಗಾದರೆ ತಾನೂ ಮೂರು ಸಲ ಸರಿಯಾಗಿಯೇ ತುಂಬಿದ್ದೆ, ಸರಿಯಿದ್ದುದನ್ನು ಮೂರು ಸಲ ತಿರುಗಿಸಿ ಕೆಡಿಸಿದೆ ಎಂಬುದು ಅವಳಿಗೆ ನಿಂತ ನಿಲುವಿನಲ್ಲೇ ಗೊತ್ತಾಯಿತು.

ಸಂಜೆ ಮನೆಗೆ ಹೋಗುವಾಗ ಗಂಡನ ಕಟಿಂಗ್ ಅಂಗಡಿಯ ಮುಂದೆ ನಿಂತಳು. ಗಿರಾಕಿ ಇರಲಿಲ್ಲ. ಅವನು ನೆಲದ ಕೂದಲು ಗುಡಿಸುತ್ತಿದ್ದ. ಅವಳು ಕನ್ನಡಿಯ ಎದುರಿನ ಕುರ್ಚಿಯಲ್ಲೇ ಕೂತು, ನಡೆದದ್ದನ್ನೆಲ್ಲ ಹೇಳಿದಳು.

"ಇದೇನು ಮಹಾ?" ಎಂದ ಅವನು. "ಒಂದು ಕಿವಿ ಹತ್ರ ಕತ್ತರಿ ಜಾಸ್ತಿ ಹೋದ್ರೆ ಇನ್ನೊಂದು ಕಡೇನೂ ಅಷ್ಟೇ ತೆಗೆದುಬಿಡ್ತೀನಿ. ಗಿರಾಕಿ ಖುಷಿಯಾಗಿ ಹೋಗ್ತಾನೆ."

"ನಾನೂ ಅದನ್ನೇ ಮಾಡಿದ್ದು ರೀ. ಆದ್ರೆ ಕತ್ತರಿ ಜಾಸ್ತಿ ಹೋಗೇ ಇರಲಿಲ್ಲ."

ಅವನು ಪೊರಕೆ ನಿಲ್ಲಿಸಿ ಕೇಳಿದ, "ಔಷಧ ಜಾಸ್ತಿ ಹಾಕಿದ್ರೆ ಅವು ಯಾಕೆ ಸಾಯಲ್ಲ?"

"ಅದೇ ನಂಗೂ ತಿಳೀತಿಲ್ಲ. ಬೆಂಚು ಜಾಸ್ತಿಯಾಗುತ್ತೆ ಅಂತಾಳೆ ಆ ಹುಡುಗಿ."

"ಬೆಂಚು ಜಾಸ್ತಿಯಾದ್ರೆ ಮಾತು ನಿಂತುಹೋಗುತ್ತೆ ಕಣೆ. ಇಲ್ಲೇ ನೋಡು, ಒಂದು ಬೆಂಚಿದ್ದಾಗ ಊರ ಸುದ್ದಿಯೆಲ್ಲ ಇಲ್ಲೇ ಹುಟ್ಟೋದು. ಈ ಆರು ಬಿಡಿ ಕುರ್ಚಿ ಹಾಕಿಸಿದೆ ನೋಡು, ಒಬ್ಬೊಬ್ಬ ಒಂದೊಂದು ಕುರ್ಚಿಯಲ್ಲಿ ಕೂತು ಗೋಡೆ ನೋಡ್ತಾನೆ. ಯಾರೂ ಪಿಟಕ್ ಅನ್ನಲ್ಲ."

ಅವಳು ಆ ಆರು ಕುರ್ಚಿಗಳನ್ನು ಒಮ್ಮೆ ನೋಡಿದಳು. ಅವನು ಹೇಳಿದ್ದು ಸರಿ ಎನಿಸಿತು, ಸರಿ ಎನಿಸಿದಷ್ಟೂ ಸಂಕಟವಾಯಿತು. "ಹೇಳಿದ್ರೆ ಎರಡು ವರ್ಷನೂ ಹೋಗುತ್ತೆ, ಇದ್ದ ಮರ್ಯಾದೆನೂ ಹೋಗುತ್ತೆ" ಎಂದಳು. ಅವನು "ನಿನ್ನಿಷ್ಟ" ಎಂದು ಮತ್ತೆ ಪೊರಕೆ ಹಿಡಿದ. ಆ ಮಾತಿಗೆ ಅವಳಿಗೆ ಸಿಟ್ಟು ಬಂತು, ಆದರೆ ಬೇರೆ ಏನು ಹೇಳಬೇಕಿತ್ತು ಎಂಬುದು ಅವಳಿಗೂ ಗೊತ್ತಿರಲಿಲ್ಲ.

ಮರುದಿನ ಬೆಳಿಗ್ಗೆ, ದೊಡ್ಡ ಮೇಡಂ ಪತ್ರ ಬರೆಯುವ ಮೊದಲೇ, ತಟ್ಟೆಯಕ್ಕ ಅವರ ಕೋಣೆಗೆ ಹೋದಳು. ಹುಡುಗಿಯನ್ನೂ ಕರೆಸಿದಳು. ಕೂರಲಿಲ್ಲ.

"ಅಳಿಯ ತುಂಬಿದ್ದು ಸರಿಯಾಗಿದೆ ಮೇಡಂ. ತಟ್ಟೆ ತಿರುಗಿಸಿದ್ದು ನಾನು."

ಹುಡುಗಿಗೆ ಮೊದಲು ಅರ್ಥವೇ ಆಗಲಿಲ್ಲ. ಅರ್ಥವಾದ ಮೇಲೆ ಕೇಳಿದ್ದು ಒಂದೇ: "ಎಷ್ಟು ಸಲ?"

"ಮೂರು ಸಲಾನೂ."

"ಮೂರು ಸಲಾನೂ? ಒಂದು ಸಲಾನಾದ್ರೂ ನನ್ನ ಕರೆದು ತೋರಿಸಬಹುದಿತ್ತಲ್ಲ ಅಕ್ಕ!"

"ಕೈ ತಪ್ಪಿದೆ ಅಂದ್ಕೊಂಡೆ ಕಣಮ್ಮ. ನಾಚಿಕೆಯಾಯ್ತು."

"ನಿಮ್ಮ ಕೈ ಅಂತ ನಾನು ಒಂದು ಪ್ರಶ್ನೆನೂ ಕೇಳಲಿಲ್ಲ. ಎರಡು ವರ್ಷ!" ಎಂದು ಹುಡುಗಿ ಎದ್ದು ಹೊರಗೆ ಹೋದಳು. ಜಡೆ ಬಿಚ್ಚಿ ಪೆನ್ಸಿಲು ನೆಲಕ್ಕೆ ಬಿತ್ತು. ಅವಳು ಅದನ್ನು ಎತ್ತಿಕೊಳ್ಳಲಿಲ್ಲ.

ದೊಡ್ಡ ಮೇಡಂ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು ಎನಿಸಿತು ತಟ್ಟೆಯಕ್ಕನಿಗೆ. ಕನ್ನಡಕ ತೆಗೆದು ಮೇಜಿನ ಮೇಲಿಟ್ಟು, "ಬನ್ನಿ, ಈಗಲೇ ಒಂದು ತುಂಬಿ. ನಾನು ಪಕ್ಕದಲ್ಲೇ ಕೂರ್ತೀನಿ" ಎಂದರು. ಇನ್ನೂ ತೆಳುವಾದ ಔಷಧದ ಕೊಳವೆಗಳನ್ನೂ ಸೇರಿಸಲು ಹೇಳಿದರು. ಎರಡು ದಿನ ಬಿಟ್ಟು ಪರದೆಯ ಮೇಲೆ ಬಂದದ್ದು ಇಳಿಜಾರೂ ಅಲ್ಲ, ಏರೂ ಅಲ್ಲ. ತೀರಾ ಕಡಿಮೆ ಔಷಧದಲ್ಲಿ ಕೋಶಗಳು ಬದುಕಿದ್ದವು, ನಡುವಿನ ಪ್ರಮಾಣದಲ್ಲಿ ಸತ್ತಿದ್ದವು, ಹೆಚ್ಚಿನದರಲ್ಲಿ ಮತ್ತೆ ಬದುಕಿದ್ದವು. ಬೆಂಚುಗಳು ಮಿತಿಯಲ್ಲಿದ್ದಾಗ ಮೂವರೂ ಒಂದರ ಮೇಲೆ ಕೂತು ಸುದ್ದಿ ದಾಟಿಸಿದ್ದರು. ಎಲ್ಲ ಬೆಂಚುಗಳೂ ಬಿಚ್ಚಿಕೊಂಡಾಗ ಒಬ್ಬೊಬ್ಬರು ಒಂದೊಂದರ ಮೇಲೆ ಕೂತು ಸುದ್ದಿ ಅಲ್ಲಲ್ಲೇ ನಿಂತಿತ್ತು. ಪುಸ್ತಕಗಳಲ್ಲಿ ಇರುವ ವಿಷಯವೇ. ತಮ್ಮ ತಟ್ಟೆಯಲ್ಲಿ ಕಾಣಲಿಲ್ಲವೆಂದು ದೊಡ್ಡ ಮೇಡಂ ಅದನ್ನು ಬಿಟ್ಟಿದ್ದರು.

ಇಲಿಗಳಿಗೆ ಹೊರಟಿದ್ದ ಔಷಧವನ್ನು ತಡೆದರು. ಆ ಪ್ರಮಾಣದಲ್ಲಿ ಕೊಟ್ಟಿದ್ದರೆ ಗಡ್ಡೆ ಕರಗುತ್ತಿರಲಿಲ್ಲ, ಒಂಬತ್ತನೇ ನಂಬರು ಕೆಲಸಕ್ಕೆ ಬಾರದ್ದೆಂದು ಕಸದ ಬುಟ್ಟಿ ಸೇರುತ್ತಿತ್ತು. ಟೈಯವನನ್ನು ಕರೆಸಿ, ಅಳಿಯನನ್ನು ಇಲ್ಲೇ ಇರಿಸಿಕೊಳ್ಳುವುದಾಗಿ ಹೇಳಿದರು. ಎರಡು ವರ್ಷದ ಪತ್ರ ಬರೆಯಲಿಲ್ಲ. ತಟ್ಟೆಯಕ್ಕನೂ ಆ ಮಾತೆತ್ತಲಿಲ್ಲ.

ಉಳಿದ ತಿಂಗಳುಗಳಲ್ಲಿ ಅವಳು ತುಂಬಿದ ಪ್ರತಿ ತಟ್ಟೆಗೂ ಪಕ್ಕದಲ್ಲಿ ಒಬ್ಬರು ಕೂತು ನೋಡಬೇಕೆಂಬ ಹೊಸ ನಿಯಮ ಬಂತು. ಹೆಚ್ಚಿನ ದಿನ ಕೂರುತ್ತಿದ್ದವಳು ಆ ಹುಡುಗಿಯೇ, ಏಕೆಂದರೆ ಮಾಡಬೇಕಾದ ಪ್ರಯೋಗಗಳೆಲ್ಲ ಅವಳವೇ. ಕೊಳವೆಯ ನಂಬರು ಇವಳು ಹೇಳಬೇಕು, "ಸರಿ" ಎಂದು ಅವಳು ಅನ್ನಬೇಕು. ಆ ಒಂದು ಪದ ಬಿಟ್ಟು ಬೇರೆ ಮಾತಿರಲಿಲ್ಲ. ತಟ್ಟೆಯಕ್ಕನಿಗೆ ಮೊದಮೊದಲು ಅದು ಮುಳ್ಳಿನ ಮೇಲೆ ಕೂತ ಹಾಗಾಗುತ್ತಿತ್ತು. ಬರುಬರುತ್ತ ಅಭ್ಯಾಸವಾಯಿತು. ಒಂದು ದಿನ ಕೆಂಪು ಚುಕ್ಕೆ ಇಡುವುದನ್ನೇ ಮರೆತಳು, ತಟ್ಟೆ ಸರಿಯಾಗಿಯೇ ಬಂತು. ಇಪ್ಪತ್ತೇಳು ವರ್ಷದಲ್ಲಿ ಒಬ್ಬರಾದರೂ ಪಕ್ಕದಲ್ಲಿ ಕೂತು ಸರಿ ಎಂದಿದ್ದರೆ ಎಷ್ಟು ಚೆನ್ನಾಗಿತ್ತು ಎಂದು ಅವಳಿಗೆ ಆಗ ಅನಿಸಿತು. ಆದರೆ ಕೂರುತ್ತೇನೆ ಎಂದು ಯಾರಾದರೂ ಬಂದಿದ್ದರೆ ತಾನೇ ಅವರನ್ನು ಗದರಿಸಿ ಕಳಿಸುತ್ತಿದ್ದೆ ಎಂಬುದೂ ಗೊತ್ತಿತ್ತು.

ಕೆಲಸದ ಕೊನೆಯ ದಿನಕ್ಕೆ ಎರಡು ದಿನ ಮೊದಲು ಹುಡುಗಿ ಒಂದು ಹಾಳೆ ಹಿಡಿದು ಬಂದಳು. ಅವಳ ಪ್ರಬಂಧದಲ್ಲಿ ನಡೆದ ತಪ್ಪುಗಳನ್ನು ಹೇಳುವ ಪುಟ.

"ಇದನ್ನ ಬರೀದೆ ಬಿಡೋ ಹಾಗಿಲ್ಲ ಅಕ್ಕ. ನಿಮಗೆ ಓದಿ ಹೇಳ್ತೀನಿ."

"ಓದು."

"'ಮೊದಲ ಮೂರು ಪ್ರಯೋಗಗಳಲ್ಲಿ ಫಲಿತಾಂಶ ಓದಿಸುವಾಗ ತಟ್ಟೆಯನ್ನು ತಿರುಗಿಸಲಾಗಿತ್ತು. ತಟ್ಟೆಯನ್ನು ತುಂಬಿದ್ದು ಮೂರೂ ಸಲ ಸರಿಯಾಗಿತ್ತು.'"

ತಟ್ಟೆಯಕ್ಕ ಎರಡನೇ ವಾಕ್ಯವನ್ನು ಇನ್ನೊಮ್ಮೆ ಓದಿಸಿಕೊಂಡಳು. ಕೈಗವಸು ಬಿಚ್ಚಿ, ಬೆವೆತ ಎಡಗೈಯನ್ನು ಅಂಗಿಗೆ ಒರೆಸಿಕೊಂಡಳು.

"ತಿರುಗಿಸಿದ್ದು ಯಾರು ಅಂತ ಹಾಕಿಲ್ವಲ್ಲ?"

"ಬೇಡ ಅಂತ ಬಿಟ್ಟೆ. ಹೋಗಲಿ."

"ಹಾಗಾದ್ರೆ ತುಂಬಿದ್ದು ಯಾರು ಅಂತಾನೂ ಯಾರಿಗೂ ಗೊತ್ತಾಗಲ್ಲ" ಎಂದಳು ತಟ್ಟೆಯಕ್ಕ. "ಎರಡೂ ನಾನೇ. ಹೆಸರು ಹಾಕಿ ಬರಿ."

ಹುಡುಗಿ ಜಡೆಯಿಂದ ಪೆನ್ಸಿಲು ಕಿತ್ತುಕೊಂಡು ಹಾಳೆಯನ್ನು ಮೇಜಿನ ಮೇಲಿಟ್ಟಳು. ಬರೆಯಲು ಬಗ್ಗಿದವಳು ಹಾಗೇ ನಿಂತಳು. ಐದು ವರ್ಷ ಜೊತೆಗಿದ್ದೂ ಅಕ್ಕನ ಹೆಸರು ಅವಳಿಗೆ ಗೊತ್ತಿರಲಿಲ್ಲ. ತಲೆ ಎತ್ತದೆಯೇ ಕೇಳಿದಳು. ತಟ್ಟೆಯಕ್ಕ ಹೇಳಿದಳು, ಅವಳು ಬರೆದುಕೊಂಡಳು.